ಎದೆಯ ಮೇಲಿನ ಹೆಸರು

ನಂಜನಗೂಡು
21 ಮೇ 2024

ಶ್ರೀ ಗೋವಿಂದಯ್ಯನವರಿಗೆ,

ನಮಸ್ಕಾರ. ನಾವು ಇನ್ನೂ ಭೇಟಿಯಾಗಿಲ್ಲ. ನನ್ನ ಹೆಸರು ತೇಜಸ್ವಿನಿ. ನಂಜನಗೂಡಿನ ತರಬೇತಿ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತೇನೆ. ಜೂನ್ ಹದಿನಾಲ್ಕು, ಹದಿನೈದರ ಶಿಬಿರಕ್ಕೆ ಬರಲು ನೀವು ಒಪ್ಪಿದ್ದೀರಿ ಎಂದು ನಿಮ್ಮ ಪಂಚಾಯಿತಿಯವರು ತಿಳಿಸಿದರು.

ಶಿಬಿರಕ್ಕೆ ‘ಕೂಡು ಕಲಿಕೆ’ ಎಂದು ಹೆಸರಿಟ್ಟಿದ್ದೇವೆ. ಅದನ್ನು ರೂಪಿಸಿದವಳು ನಾನು. ನಿಮ್ಮ ಕಾಲುವೆಯನ್ನೇ ತೆಗೆದುಕೊಳ್ಳಿ. ಜಲವಿಜ್ಞಾನಿಗೆ ಅದು ಅಂಕಿ ಅಂಶ, ಮಣ್ಣಿನ ತಜ್ಞರಿಗೆ ಚೌಳು, ವೈದ್ಯರಿಗೆ ಸೊಳ್ಳೆ, ರೈತರಿಗೆ ಬೆಳೆ. ಇವರೆಲ್ಲ ತಂತಮ್ಮ ಭಾಷೆ ಬಿಟ್ಟು ಒಂದು ಕೆಲಸವನ್ನು ಕೂಡಿ ಮಾಡುವುದು ಹೇಗೆಂದು ಕಲಿಯಬೇಕು. ತೂಬು ತೆರೆದು ಮುಚ್ಚಿ ಎಲ್ಲರ ಗದ್ದೆಗೂ ನೀರು ಹಂಚುವ ನೀರುಗಂಟಿಯೇ ಇಲ್ಲದೆ ಇದು ಹೇಗೆ ಸಾಧ್ಯ ಎಂದು ನಾನು ಹಟ ಹಿಡಿದೆ.

ಶಿಬಿರದಲ್ಲಿ ಒಂದು ಪದ್ಧತಿ ಇದೆ. ಬೇರೆ ಬೇರೆ ಕಸುಬಿನ ಇಬ್ಬಿಬ್ಬರನ್ನು ಜೋಡಿ ಮಾಡುತ್ತೇವೆ. ಅವರು ಆರು ತಿಂಗಳು ಕೈಯಲ್ಲಿ ಬರೆದು ಅಂಚೆಯಲ್ಲಿ ಪತ್ರ ಕಳಿಸಿಕೊಳ್ಳಬೇಕು. ಫೋನಿನಲ್ಲಾದರೆ ಮಾತು ಬಲ್ಲವರೇ ಮಾತಾಡಿ ಮುಗಿಸುತ್ತಾರೆ. ಕಾಗದ ಇಬ್ಬರಿಗೂ ಒಂದೇ ಅಳತೆಯದು. ನಿಮ್ಮ ಜೋಡಿಯಾಗಬೇಕಿದ್ದ ಡಾಕ್ಟರು ಕೊನೆಗಳಿಗೆಯಲ್ಲಿ ಬಿಟ್ಟದ್ದರಿಂದ ಆ ಜಾಗಕ್ಕೆ ನಾನೇ ಬಂದಿದ್ದೇನೆ. ನಮ್ಮದು ಬಿಳಿಗೆರೆ ಕಡೆ, ಕೊಳವೆಬಾವಿ ನಂಬಿದ ಮನೆ. ಕಾಲುವೆಯ ನೀರು ಹೇಗೆ ಹಂಚುತ್ತಾರೆಂದು ನನಗೆ ತಿಳಿಯದು. ಅದರಿಂದಲೇ ಶುರು ಮಾಡುತ್ತೀರಾ?

ಇತಿ,
ತೇಜಸ್ವಿನಿ


ಹಳೇಕೊಪ್ಪಲು, ಬನ್ನೂರು ಅಂಚೆ
30 ಮೇ 2024

ತೇಜಸ್ವಿನಿ ಮೇಡಂ ಅವರಿಗೆ ನಮಸ್ಕಾರಗಳು.

ಪತ್ರ ತಲುಪಿತು. ನಮ್ಮ ಕಾಲುವೆಗೆ ಒಂಬತ್ತು ತೂಬು. ಮೇಲಿನ ನಾಲ್ಕು ಕಬ್ಬಿನ ಗದ್ದೆಗಳಿಗೆ, ಕೆಳಗಿನವು ಭತ್ತಕ್ಕೆ. ನೀರು ಬಿಟ್ಟ ದಿನ ನಾನು ಮೇಲಿನ ತೂಬುಗಳನ್ನೆಲ್ಲ ಮುಚ್ಚಿ ಬಾಗಿಲಿಗೆ ಕಬ್ಬಿನ ಹಸಿ ಸೋಗೆ ಕಟ್ಟುತ್ತೇನೆ. ಸೋಗೆ ಕಟ್ಟಿದ ತೂಬನ್ನು ಯಾರೂ ಮುಟ್ಟುವುದಿಲ್ಲ. ನೀರು ಮೊದಲು ಒಂಬತ್ತನೆಯ ತೂಬಿಗೆ ಹೋಗಬೇಕು. ಅಲ್ಲಿ ಹನ್ನೊಂದು ಮನೆಯವರ ಗದ್ದೆ ಇದೆ. ಅದು ನೆನೆದ ಮೇಲೆ ಎಂಟು, ಆಮೇಲೆ ಏಳು, ಹೀಗೆ ಮೇಲಕ್ಕೆ ಬರುತ್ತೇನೆ. ನಮ್ಮ ತಂದೆಯೂ ಹೀಗೇ ಮಾಡುತ್ತಿದ್ದರು. ನನಗೆ ಈಗ ಅರವತ್ತೊಂದು. ನಲವತ್ತು ವರ್ಷದಿಂದ ಮಾಡುತ್ತಿದ್ದೇನೆ.

ಒಂದನೆಯ ತೂಬಿನ ಚಿಕ್ಕಸ್ವಾಮಿಗೌಡರೂ ಶಿಬಿರಕ್ಕೆ ಬರುತ್ತಾರಂತೆ. ಅವರು ಬರುವುದಾದರೆ ನಾನು ಹಿಂದಿನ ಸಾಲಿನಲ್ಲಿ ಕೂರುತ್ತೇನೆ.

ಇತಿ,
ಗೋವಿಂದಯ್ಯ, ನೀರುಗಂಟಿ


ನಂಜನಗೂಡು
6 ಜೂನ್ 2024

ಗೋವಿಂದಯ್ಯನವರಿಗೆ,

ನಿಮ್ಮ ಪತ್ರವನ್ನು ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ನಿರ್ದೇಶಕರಾದ ನಟರಾಜ್ ಸರ್ ಸೋಗೆಯ ವಿಷಯವನ್ನು ಎರಡು ಸಲ ಓದಿಸಿದರು.

ಹಿಂದಿನ ಸಾಲು ಎಂಬುದು ಇರುವುದಿಲ್ಲ. ಕುರ್ಚಿಗಳನ್ನು ದುಂಡಗೆ ಹಾಕಿಸುತ್ತೇನೆ. ಎರಡನೆಯ ದಿನ ಬೆಳಿಗ್ಗೆ ‘ಪಾತ್ರ ಬದಲು’ ಎಂಬ ಅಭ್ಯಾಸ. ಒಬ್ಬರು ಇನ್ನೊಬ್ಬರ ಹೆಸರಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಅವರಂತೆ ವಾದಿಸಬೇಕು. ಇನ್ನೊಬ್ಬರ ಜಾಗದಲ್ಲಿ ಕೂರದೆ ಅವರ ಮಾತು ಅರ್ಥವಾಗುವುದಿಲ್ಲ. ಇಡೀ ಶಿಬಿರದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದೇ. ನಿಮಗೆ ಯಾರ ಪಾತ್ರ ಆಗಬಹುದು? ಸಂಕೋಚವಿಲ್ಲದೆ ಬರೆಯಿರಿ.

ತೇಜಸ್ವಿನಿ


ಹಳೇಕೊಪ್ಪಲು
11 ಜೂನ್ 2024

ಮೇಡಂ ಅವರಿಗೆ,

ಯಾವುದಾದರೂ ಆಗಬಹುದು. ನೀವು ಹೇಳಿದಂತೆ ಮಾಡುತ್ತೇನೆ.

ಗೋವಿಂದಯ್ಯ, ನೀರುಗಂಟಿ


ನಂಜನಗೂಡು
20 ಜೂನ್ 2024

ಗೋವಿಂದಯ್ಯನವರೇ,

ಶಿಬಿರ ಮುಗಿದು ಐದು ದಿನವಾದರೂ ಇಲ್ಲಿ ಎಲ್ಲರ ಬಾಯಲ್ಲೂ ನಿಮ್ಮದೇ ಮಾತು. ಚೀಟಿ ಹಂಚುವಾಗ ನಿಮಗೆ ಚಿಕ್ಕಸ್ವಾಮಿಯವರ ಹೆಸರನ್ನೂ ಅವರಿಗೆ ನಿಮ್ಮ ಹೆಸರನ್ನೂ ಬೇಕೆಂದೇ ಕೊಟ್ಟೆ. ಅವರು ಟವಲನ್ನು ಸೊಂಟಕ್ಕೆ ಸುತ್ತಿ, ಕೈ ಮುಗಿದು ನಿಂತು, “ಆಯ್ತು ಬುಡಿ ಗೌಡ್ರೆ, ನೀವ್ ಏಳ್ದಂಗೇ ಆಗ್ಲಿ, ನಂದೇನದೆ?” ಅಂದಾಗ ಎಲ್ಲರೂ ನಕ್ಕರು. ನೀವು ಮಾತ್ರ ನಗಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕಾಲ ಮೇಲೆ ಕಾಲು ಹಾಕಿದಿರಿ. ಸಭೆ ತಾನಾಗಿ ಸುಮ್ಮನಾಯಿತು. ಆಮೇಲೆ ಗೌಡರಾಗಿ ನೀವು ಹೇಳಿದಿರಿ:

“ನೋಡ್ಲಾ ಗೋವಿಂದ, ಒಣಗಿದ್ ಕಾಲ್ವೇಲಿ ಕೊನೇಗಂಟ ನೀರ್ ಕಳ್ಸುದ್ರೆ ಅರ್ಧ ಮಣ್ಣೇ ಕುಡೀತದೆ. ಆ ನೀರ್‌ನಲ್ಲಿ ಮೇಲ್ಗದ್ದೆ ಮೂರ್ ಪಟ್ಟು ನೆನೀತದೆ. ಕೊನೆಯೋರ್ಗೆ ಯಾರೂ ಇಲ್ಲ ಅನ್ನಾಕಿಲ್ಲ. ಉಳುದ್ದು ಅವ್ರಿಗೇ ಓಯ್ತದೆ.”

ನಾನು ಬರೆದುಕೊಂಡದ್ದು ಸರಿಯಿದೆಯೇ? ಜಲವಿಜ್ಞಾನಿಗಳು ಎದ್ದುನಿಂತು, ತಮ್ಮ ಮಾಪನವೂ ಇದನ್ನೇ ಹೇಳುತ್ತದೆ, ಪುಸ್ತಕ ಮತ್ತು ಅನುಭವ ಒಂದೇ ಕಡೆ ಬಂದು ನಿಂತದ್ದನ್ನು ಇವತ್ತೇ ನೋಡಿದೆ ಅಂದರು. ಇಂಥ ಗಳಿಗೆ ಬರಲಿ ಎಂದೇ ನಾವು ಶಿಬಿರಗಳನ್ನು ಮಾಡುವುದು. ಪಾತ್ರದ ನಂತರ ಅರ್ಧ ಗಂಟೆ ಚರ್ಚೆಗೆ ಇಟ್ಟಿದ್ದೆ. ಊಟದ ಗಂಟೆ ಹೊಡೆದುಬಿಟ್ಟಿತು. ಮುಂದಿನ ಸಲ ನೋಡೋಣ.

ವರದಿಯನ್ನು ನಿನ್ನೆ ಇಲಾಖೆಗೂ ನಿಮ್ಮ ಕಾಲುವೆ ಕಚೇರಿಗೂ ಕಳಿಸಿದೆವು. ನಿಮಗೆ ಹೇಗನ್ನಿಸಿತೆಂದು ಬರೆಯಿರಿ.

ತೇಜಸ್ವಿನಿ


ನಂಜನಗೂಡು
15 ಜುಲೈ 2024

ಗೋವಿಂದಯ್ಯನವರೇ,

ನಿಮ್ಮಿಂದ ಪತ್ರವಿಲ್ಲ. ಬಿತ್ತನೆಯ ಕಾಲ, ಕೈ ಬಿಡುವಿಲ್ಲ ಎಂದುಕೊಂಡಿದ್ದೇನೆ.

ಒಂದು ಒಳ್ಳೆಯ ಸುದ್ದಿ. ನಮ್ಮ ಶಿಬಿರವನ್ನು ಇನ್ನೂ ಆರು ತಾಲ್ಲೂಕುಗಳಲ್ಲಿ ನಡೆಸಲು ಒಪ್ಪಿಗೆ ಸಿಕ್ಕಿದೆ. ವರದಿಯಲ್ಲಿ ಎಲ್ಲರ ಗಮನ ಸೆಳೆದದ್ದು ನಿಮ್ಮ ಪ್ರಸಂಗವೇ ಅಂತೆ. ಈ ಆರರಲ್ಲಿ ನಿಮ್ಮ ಪಾಲೂ ಇದೆ.

ತೇಜಸ್ವಿನಿ


ಹಳೇಕೊಪ್ಪಲು
5 ಆಗಸ್ಟ್ 2024

ತೇಜಸ್ವಿನಿ ಮೇಡಂ ಅವರಿಗೆ ನಮಸ್ಕಾರಗಳು.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಆಗಸ್ಟ್ ಒಂದಕ್ಕೆ ಕಾಲುವೆಗೆ ನೀರು ಬಂತು. ನಾನು ಸೋಗೆ ಕೊಯ್ದುಕೊಂಡು ಒಂದನೆಯ ತೂಬಿಗೆ ಹೋದೆ. ಅಲ್ಲಿ ಕಾಲುವೆ ಕಚೇರಿಯವರೊಬ್ಬರು, ಚಿಕ್ಕಸ್ವಾಮಿಗೌಡರು ಮತ್ತೆ ಮೂರು ಜನ ನಿಂತಿದ್ದರು. ಈ ವರ್ಷದಿಂದ ಮೇಲಿನ ತೂಬಿಗೆ ಮೊದಲು ಎಂದು ಕಚೇರಿಯವರು ಹೇಳಿದರು. ಯಾಕೆಂದು ಕೇಳಿದೆ. ಅವರು ಒಂದು ಕಾಗದ ತೆಗೆದು ಓದಿದರು. ‘ನಲವತ್ತು ವರ್ಷದ ಅನುಭವವುಳ್ಳ ನೀರುಗಂಟಿ ಗೋವಿಂದಯ್ಯನವರ ಅಭಿಪ್ರಾಯದಲ್ಲಿ ಮೇಲಿನ ತೂಬುಗಳಿಗೆ ಮೊದಲು ನೀರು ಬಿಡುವುದೇ ಸೂಕ್ತ. ಶಿಬಿರಾರ್ಥಿಗಳೆಲ್ಲರೂ ಇದನ್ನು ಒಪ್ಪಿದರು.’ ಅದರ ಹಿಂದಿನ ಪುಟದಲ್ಲಿ ಮೂವತ್ನಾಲ್ಕು ಸಹಿ ಇವೆ. ಮೊದಲನೆಯದು ನನ್ನದು. ಊಟವಾದ ಮೇಲೆ ಹಾಜರಾತಿ ಎಂದು ಹಾಕಿಸಿಕೊಂಡಿರಲ್ಲ, ಅದು. ಇನ್ನೊಂದು ಪುಟದಲ್ಲಿ ನಾನು ಕೈ ಎತ್ತಿಕೊಂಡು ಮಾತಾಡುತ್ತಿರುವ ಪಟ ಇದೆ. ಅದರ ಪ್ರತಿಯನ್ನು ಪಂಚಾಯಿತಿ ಗೋಡೆಗೂ ಅಂಟಿಸಿದ್ದಾರೆ.

ಒಂಬತ್ತನೆಯ ತೂಬಿನ ಚಿಕ್ಕಮಾದಮ್ಮನವರು ಜುಲೈ ಎಂಟಕ್ಕೆ ಸಸಿ ಬೆಳೆಸುವ ಒಟ್ಲು ಪಾತಿಯಲ್ಲಿ ಭತ್ತ ಚೆಲ್ಲಿದ್ದಾರೆ. ಪ್ರತಿ ವರ್ಷ ಕಾಲುವೆಯ ಮೊದಲ ನೀರಿಗೆ ಗದ್ದೆ ಉತ್ತು ಪೈರು ಕಿತ್ತು ನಾಟಿ ಮಾಡುತ್ತಾರೆ. ಪೈರಿಗೆ ಇವತ್ತಿಗೆ ಇಪ್ಪತ್ತೆಂಟು ದಿನ. ಇನ್ನು ಹತ್ತು ದಿನ ಕಾಯಬಹುದು. ಅದಕ್ಕೆ ಮೀರಿದರೆ ನಾಟಿಗೆ ಬರುವುದಿಲ್ಲ. ಇನ್ನುಳಿದ ಹತ್ತು ಮನೆಯವರದೂ ಹೀಗೇ.

ಆ ಮಾತು ನನ್ನದಲ್ಲ, ಚಿಕ್ಕಸ್ವಾಮಿಗೌಡರದು ಎಂದು ನೀವು ಕಚೇರಿಗೆ ಒಂದು ಮಾತು ಹೇಳಬೇಕು. ನೀವು ಹೇಳಿದರೆ ಕೇಳುತ್ತಾರೆ. ಸಾಧ್ಯವಾದರೆ ಒಮ್ಮೆ ಇಲ್ಲಿಗೂ ಬಂದು ಚಿಕ್ಕಮಾದಮ್ಮನವರ ಎದುರಿಗೆ ಹೇಳಿ.

ಗೋವಿಂದಯ್ಯ, ನೀರುಗಂಟಿ


ನಂಜನಗೂಡು
9 ಆಗಸ್ಟ್ 2024

ಗೋವಿಂದಯ್ಯನವರೇ,

ನಿಮ್ಮ ಪತ್ರ ಈಗ ಕೈಗೆ ಬಂತು. ನಾಲ್ಕು ಸಲ ಫೋನ್ ಮಾಡಿದೆ, ನೀವು ತೆಗೆಯಲಿಲ್ಲ.

ವರದಿ ಬರೆಯುವಲ್ಲಿ ತಪ್ಪಾಗಿದೆ. ಅಭ್ಯಾಸದಲ್ಲಿ ಆಡಿದ ಮಾತನ್ನು ನಿಮ್ಮ ಅಭಿಪ್ರಾಯವೆಂದು ಬರೆದುಬಿಟ್ಟಿದ್ದಾರೆ. ಕಚೇರಿಗೆ ಇವತ್ತೇ ಹೋಗುತ್ತೇನೆ. ಆದರೆ ಬಾಯಿಮಾತು ಸಾಲದು, ಆಧಾರ ಬೇಕು. ಆ ಪಟದಲ್ಲಿ ನಿಮ್ಮ ಎದೆಯ ಮೇಲೆ ಚೀಟಿ ಇದೆ. ಅದರಲ್ಲಿ ಚಿಕ್ಕಸ್ವಾಮಿಯವರ ಹೆಸರು ಕಾಣಿಸಿದರೆ ಎಲ್ಲವೂ ಅಲ್ಲಿಗೇ ತೀರಿತು. ನಮ್ಮ ಪ್ರತಿಯಲ್ಲಿ ಚೀಟಿ ಖಾಲಿ ಕಾಣುತ್ತಿದೆ, ಬೆಳಕು ಬಿದ್ದು ಹಾಗಾಗಿರಬೇಕು. ನಿಮ್ಮಲ್ಲಿ ಬೇರೆ ಪಟ ಇದೆಯೇ? ಚೀಟಿ ಇದೆಯೇ?

ಧೈರ್ಯವಾಗಿರಿ. ಸದ್ಯದಲ್ಲೇ ಬರುತ್ತೇನೆ.

ತೇಜಸ್ವಿನಿ


ಹಳೇಕೊಪ್ಪಲು
14 ಆಗಸ್ಟ್ 2024

ಮೇಡಂ ಅವರಿಗೆ,

ಫೋನಿನಲ್ಲಿ ಯಾರು ಏನು ಕೇಳಿದರೂ ನಾನು ಹೌದು ಅಂದುಬಿಡುತ್ತೇನೆ. ಅದಕ್ಕೇ ತೆಗೆಯಲಿಲ್ಲ. ಕಾಗದದಲ್ಲಿ ಯೋಚನೆ ಮಾಡಲು ಹೊತ್ತಿರುತ್ತದೆ.

ಬೆಳಕಿನ ತಪ್ಪಲ್ಲ. ಚೀಟಿಯನ್ನು ತಿರುಗಿಸಿ ಹಾಕಿಕೊಂಡಿದ್ದವನು ನಾನೇ. ಗೌಡರು ಎದುರಿಗೇ ಕೂತಿದ್ದರು. ಅವರ ಹೆಸರನ್ನು ನನ್ನ ಎದೆಯ ಮೇಲೆ ಅವರಿಗೇ ಕಾಣುವಂತೆ ಹಾಕಿಕೊಳ್ಳಲು ಮನಸ್ಸು ಬರಲಿಲ್ಲ. ಅವರು ನನ್ನ ಹೆಸರನ್ನು ಎಲ್ಲರಿಗೂ ಕಾಣುವಂತೆ ಹಾಕಿಕೊಂಡಿದ್ದರು. ಅವರಿಗೆ ಅದರಲ್ಲಿ ಏನೂ ಅನ್ನಿಸಲಿಲ್ಲ.

ಚೀಟಿ ಮನೆಯಲ್ಲಿದೆ. ಮನೆಯಲ್ಲಿರುವ ಚೀಟಿಯಿಂದ ಏನು ಸಾಬೀತಾಗುತ್ತದೆ?

ಚಿಕ್ಕಮಾದಮ್ಮನವರ ಬಳಿಗೆ ಹೋಗಿದ್ದೆ. ಅಮ್ಮಾ, ಅದೊಂದು ಆಟ, ನಾನು ಗೌಡರ ಪಾತ್ರ ಮಾಡಿದ್ದು ಅಂದೆ. “ನಾಟ್ಕ ಆಡಾಕೆ ಬಣ್ಣ ಬೇಡ್ವೇನಪ್ಪ? ಪಟ್ದಲ್ಲಿ ನಿನ್ ಬಟ್ಟೇನೇ ಆಕೊಂಡಿದ್ದೀಯ. ಸಯೀನೂ ನಿಂದೇ. ಗೌಡ ಒತ್ತಾಯ ಮಾಡಿ ಏಳ್ಸುದ್ನಾ? ಅಂಗಾರ ಅಂಗಂತ ಬಾಯ್ಬುಟ್ಟು ಏಳು” ಅಂದರು. ಒತ್ತಾಯ ಮಾಡಲಿಲ್ಲ ಎಂದು ನಿಜ ಹೇಳಿದೆ. ಅವರು ಎದ್ದು ಒಳಗೆ ಹೋದರು.

ಪೈರಿಗೆ ಮೂವತ್ತೇಳು ದಿನ. ನೀರು ಐದನೆಯ ತೂಬು ದಾಟಿಲ್ಲ. ನೀವು ಯಾವತ್ತು ಬರುತ್ತೀರಿ?

ಗೋವಿಂದಯ್ಯ, ನೀರುಗಂಟಿ


ನಂಜನಗೂಡು
27 ಆಗಸ್ಟ್ 2024

ಗೋವಿಂದಯ್ಯನವರೇ,

ಕಚೇರಿಗೆ ಮೂರು ಸಲ ಹೋದೆ. ಅಲ್ಲಿರುವವರು ಕೆಟ್ಟವರಲ್ಲ. ಕೂರಿಸಿದರು, ಟೀ ಕೊಟ್ಟರು. “ಮೇಡಂ, ನಾವೇನ್ ನಮ್ ಮನ್ಸಿಗ್ ಬಂದಂಗ್ ಮಾಡಿದ್ದೀವಾ? ತಜ್ಞರು ಒಪ್ಪವ್ರೆ, ರೈತರು ಒಪ್ಪವ್ರೆ, ನೀರುಗಂಟೀನೂ ಒಪ್ಪವ್ರೆ. ಮೂರೂ ಜನ ಒಪ್ಪಿರೋ ಕಾಗ್ದ ನನ್ ಸರ್ವೀಸ್ನಲ್ಲಿ ಇದೇ ಮೊದ್ಲು” ಅಂದರು. ಬದಲಾಯಿಸಬೇಕಾದರೆ ಅದೇ ಮೂವತ್ನಾಲ್ಕು ಜನ ಮತ್ತೆ ಕೂತು ಸಹಿ ಮಾಡಬೇಕಂತೆ. ಚಿಕ್ಕಸ್ವಾಮಿಯವರಿಗೆ ಫೋನ್ ಮಾಡಿದೆ. ನಕ್ಕು, “ಗೋವಿಂದ ನನ್ಗಿಂತ ಚೆನ್ನಾಗ್ ಏಳ್ದ ಕಣಮ್ಮ. ನಾನೇ ಏಳಿದ್ರೆ ಯಾರ್ ಕೇಳ್ತಿದ್ರು?” ಅಂದರು. ಜಲವಿಜ್ಞಾನಿಗಳು ತಮ್ಮ ಅಂಕಿ ತಪ್ಪಲ್ಲ ಎಂದರು. ಅದು ತಪ್ಪೂ ಅಲ್ಲ. ನಟರಾಜ್ ಸರ್, ಈಗ ಶಿಬಿರವೇ ತಪ್ಪಾಯಿತೆಂದು ನಾವೇ ಬರೆದುಕೊಟ್ಟರೆ ಆರು ತಾಲ್ಲೂಕಿನ ಕೆಲಸ ನಿಲ್ಲುತ್ತದೆ, ಸ್ವಲ್ಪ ಕಾಯೋಣ ಎಂದರು.

ಇನ್ನೊಂದು ಮಾತು. ‘ಬರೆದುಬಿಟ್ಟಿದ್ದಾರೆ’ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಆ ವರದಿ ಬರೆದವಳು ನಾನು. ಇದು ಪಾತ್ರದಲ್ಲಿ ಆಡಿದ ಮಾತು ಎಂದು ಮೊದಲು ಎರಡು ಸಾಲು ಇದ್ದವು. ಪುಟ ಮೀರುತ್ತಿತ್ತು, ತೆಗೆದೆ. ಪುಟಕ್ಕಾಗಿ ಮಾತ್ರ ತೆಗೆದೆನೆಂದರೆ ಅದೂ ಸುಳ್ಳಾಗುತ್ತದೆ. ನೀವು ಅಷ್ಟು ನಿಖರವಾಗಿ ಹೇಳಿದಿರಿ. ಅದು ನಿಮ್ಮ ಒಳಗಿನ ಮಾತೇ, ಇಷ್ಟು ದಿನ ಹೇಳಲಾರದೆ ಇದ್ದಿರಿ, ನನ್ನ ಶಿಬಿರ ಅದನ್ನು ಹೊರಗೆ ತಂದಿತು ಎಂದು ನಾನು ನಂಬಿದೆ. ನಂಬುವುದು ನನಗೆ ಬೇಕಾಗಿತ್ತು.

ಕಳೆದ ವಾರ ಬರಲಾಗಲಿಲ್ಲ. ಪೈರು ಹೇಗಿದೆ?

ತೇಜಸ್ವಿನಿ


ಹಳೇಕೊಪ್ಪಲು
9 ಸೆಪ್ಟೆಂಬರ್ 2024

ತೇಜಸ್ವಿನಿ ಮೇಡಂ ಅವರಿಗೆ,

ಒಂಬತ್ತನೆಯ ತೂಬಿಗೆ ನೀರು ಆಗಸ್ಟ್ ಇಪ್ಪತ್ತಕ್ಕೆ ಬಂತು. ಬಿಟ್ಟು ಹತ್ತೊಂಬತ್ತು ದಿನ. ಪೈರಿಗೆ ನಲವತ್ಮೂರು ದಿನವಾಗಿ ಗಿಣ್ಣು ಬಿಟ್ಟು ನಾಟಿಗೆ ಬಾರದಂತಾಗಿತ್ತು. ಚಿಕ್ಕಮಾದಮ್ಮನವರು ಹಸುವನ್ನು ಹೊಡೆದುಕೊಂಡು ಬಂದು ಪಾತಿಗೆ ಬಿಟ್ಟರು. ನಾನು ಏರಿಯ ಮೇಲೆ ನಿಂತಿದ್ದೆ. ಹಸು ತಿಂದು ಮುಗಿಸುವವರೆಗೂ ಅವರು ನನ್ನ ಕಡೆ ನೋಡಲಿಲ್ಲ.

ನೀವು ನಿಜ ಬರೆದಿದ್ದೀರಿ. ನಾನೂ ಎರಡು ವಿಷಯ ಬರೆಯದೆ ಬಿಟ್ಟಿದ್ದೆ.

ತೂಬು ತಿರುಗಿಸುವ ಕಬ್ಬಿಣದ ಹಿಡಿಯನ್ನು ಆಗಸ್ಟ್ ಒಂದನೇ ತಾರೀಖೇ ನನ್ನಿಂದ ತೆಗೆದುಕೊಂಡರು. ಈಗ ಅದು ಗೌಡರ ಮನೆಯಲ್ಲಿದೆ. ಅದು ನನ್ನ ತಂದೆಯ ಕೈಯಲ್ಲಿದ್ದ ಹಿಡಿ. ಪತ್ರದ ಕೊನೆಗೆ ನೀರುಗಂಟಿ ಎಂದು ಬರೆಯುತ್ತಿದ್ದದ್ದು ಅಭ್ಯಾಸದಿಂದ.

ಇನ್ನೊಂದು, ಆ ಮಾತು ನನ್ನ ಒಳಗಿನದಲ್ಲ. ಗೌಡರು ಏನು ಹೇಳುತ್ತಾರೆ, ಮುಂದೆ ಏನು ಹೇಳುತ್ತಾರೆ ಎಂಬುದು ನನಗೆ ನಲವತ್ತು ವರ್ಷದಿಂದ ಗೊತ್ತು. ಗೊತ್ತಿಲ್ಲದಿದ್ದರೆ ಅವರ ತೂಬಿಗೆ ಸೋಗೆ ಕಟ್ಟಲು ಆಗುತ್ತಿರಲಿಲ್ಲ. ಅದಕ್ಕೆ ನನ್ನ ಉತ್ತರವೂ ಇತ್ತು. ಕೊನೆಯ ತೂಬಿಗೆ ಮೊದಲು ಬಿಟ್ಟರೆ, ತಮ್ಮ ಸರದಿ ಬೇಗ ಬರಲೆಂದು ಮೇಲಿನವರೇ ಕಾಲುವೆ ಕಾಯುತ್ತಾರೆ, ಹೂಳು ತೆಗೆಯುತ್ತಾರೆ. ನಾಲ್ಕೇ ದಿನದಲ್ಲಿ ನೀರು ಕೊನೆ ಮುಟ್ಟುತ್ತದೆ. ಮೇಲಿನವರಿಗೆ ಮೊದಲು ಬಿಟ್ಟರೆ, ಗದ್ದೆ ತುಂಬಿದ ಮೇಲೆ ತೂಬು ಮುಚ್ಚಿ ಎಂದು ಹೇಳುವ ಧೈರ್ಯ ಯಾರಿಗಿದೆ? ಇದು ಅಂಕಿಯಲ್ಲಿ ಸಿಗುವುದಿಲ್ಲ. ಇದನ್ನು ಹೇಳಬೇಕಾದವನು ಗೋವಿಂದಯ್ಯ. ಅವತ್ತು ಗೋವಿಂದಯ್ಯನಾಗಿದ್ದವರು ‘ನೀವ್ ಏಳ್ದಂಗೇ ಆಗ್ಲಿ’ ಅಂದುಬಿಟ್ಟರು.

ಆದರೂ ಮೇಡಂ, ಆ ಕುರ್ಚಿಯಲ್ಲಿ ಕೂತಾಗ ನನಗೆ ಸಂತೋಷವಾಯಿತು. ಓದಿದವರೆಲ್ಲ ಸುಮ್ಮನಿದ್ದು ನನ್ನ ಮಾತು ಕೇಳಿದರು. ನನ್ನ ಮಾತಿಗೆ ಯಾರೂ ಹಾಗೆ ಸುಮ್ಮನಾದದ್ದಿಲ್ಲ. ಬೇಗ ಮುಗಿಯದಿರಲಿ ಎಂದು ಇನ್ನೆರಡು ಮಾತು ಸೇರಿಸಿದೆ. ಅರ್ಧ ಮಣ್ಣೇ ಕುಡೀತದೆ ಅನ್ನುವುದು ಗೌಡರು ಯಾವತ್ತೂ ಹೇಳದ ಮಾತು. ಅದನ್ನು ನಾನೇ ಹುಡುಕಿಕೊಟ್ಟೆ. ಚಿಕ್ಕಮಾದಮ್ಮನವರಿಗೆ ಇದನ್ನು ಹೇಗೆ ಹೇಳಲಿ?

ಗೋವಿಂದಯ್ಯ


ನಂಜನಗೂಡು
3 ನವೆಂಬರ್ 2024

ಗೋವಿಂದಯ್ಯನವರೇ,

ಸೆಪ್ಟೆಂಬರಿನಿಂದ ನಿಮಗೆ ಐದು ಪತ್ರ ಬರೆದು ಒಂದನ್ನೂ ಕಳಿಸಲಿಲ್ಲ.

ಕೇಂದ್ರ ‘ಕೂಡು ಕಲಿಕೆ’ಯ ಕೈಪಿಡಿ ಅಚ್ಚು ಮಾಡಿಸಿದೆ. ಹನ್ನೆರಡನೆಯ ಪುಟದಲ್ಲಿ ನಿಮ್ಮ ಪ್ರಸಂಗವಿದೆ. ಅದನ್ನು ತೆಗೆಯಬೇಕೆಂದು ನಾನು ಬರೆದುಕೊಟ್ಟೆ. ನಟರಾಜ್ ಸರ್ ನನ್ನ ಮಾತಿಗೆ ಬೆಲೆ ಕೊಟ್ಟು ನಿಮ್ಮ ಹೆಸರನ್ನು ತೆಗೆಸಿದ್ದಾರೆ. ಈಗ ಅದು ‘ಒಬ್ಬ ಹಿರಿಯ ನೀರುಗಂಟಿ’ ಎಂದಿದೆ. ಇನ್ನು ಅದು ಸುಳ್ಳೆಂದು ಹೇಳಲು ನೀವು ಕೂಡ ಇಲ್ಲ.

ಕೆಲಸ ಬಿಡಬೇಕೆಂದುಕೊಂಡೆ. ಬಿಟ್ಟರೆ ಇನ್ನೊಬ್ಬರು ಅದೇ ಪುಟ ಹಿಡಿದು ಕಲಿಸುತ್ತಾರೆ. ಇದ್ದರೆ ನಾನೇ ಕಲಿಸಬೇಕು. ಡಿಸೆಂಬರಿನಲ್ಲಿ ತಿ. ನರಸೀಪುರದಲ್ಲಿ ಶಿಬಿರವಿದೆ.

ನಿಮ್ಮ ಊರಿಗೆ ಬರುತ್ತೇನೆಂದು ಬರೆಯುತ್ತಲೇ ಇದ್ದೆ. ಆಗಸ್ಟ್ ಇಪ್ಪತ್ಮೂರಕ್ಕೆ ಬಂದಿದ್ದೆ. ಬನ್ನೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕೂತಿದ್ದೆ. ನಿಮ್ಮೂರಿನ ಬಸ್ಸು ಬಂತು, ಹೋಯಿತು. ಚಿಕ್ಕಮಾದಮ್ಮನವರ ಎದುರು ಯಾವ ಮಾತಿನಿಂದ ಶುರು ಮಾಡಬೇಕೆಂದು ಹೊಳೆಯಲಿಲ್ಲ. ಎಲ್ಲರನ್ನೂ ಮಾತಾಡಿಸುವುದು ಹೇಗೆಂದು ಕಲಿಸುವುದೇ ನನ್ನ ಕೆಲಸ.

ಆ ಅಭ್ಯಾಸವನ್ನು ಶಿಬಿರದಿಂದ ಕೈಬಿಡಲೇ? ನೀವು ಹೇಳಿದಂತೆ ಮಾಡುತ್ತೇನೆ.

ತೇಜಸ್ವಿನಿ


ಹಳೇಕೊಪ್ಪಲು
19 ನವೆಂಬರ್ 2024

ತೇಜಸ್ವಿನಿ ಮೇಡಂ ಅವರಿಗೆ,

ನೀವು ಆರು ತಿಂಗಳು ಎಂದಿದ್ದಿರಿ. ಇವತ್ತಿಗೆ ಆರು ತಿಂಗಳಾಗುತ್ತಾ ಬಂತು. ಇದು ಕೊನೆಯ ಪತ್ರ.

ಆಟವನ್ನು ಕೈಬಿಡಬೇಡಿ. ಗೌಡರು ನನ್ನನ್ನು ಹೇಗೆ ಕಂಡಿದ್ದಾರೆಂದು ನನಗೆ ಅದರಿಂದಲೇ ಗೊತ್ತಾಯಿತು. ಗೊತ್ತಾಗದೆ ಇದ್ದಿದ್ದರೂ ಆಗುತ್ತಿತ್ತು, ಅದು ಬೇರೆ. ಆದರೆ ಆಟ ಮುಗಿದ ಮೇಲೆ ಒಬ್ಬೊಬ್ಬರನ್ನೂ ಚೀಟಿ ತೆಗೆಸಿ, ಅವರವರ ಹೆಸರು ಹಿಡಿದು ಕರೆದು, ಈಗ ನಿಮ್ಮ ಮಾತು ಹೇಳಿ ಎಂದು ಕೇಳಿ. ಊಟ ತಣ್ಣಗಾದರೂ ಪರವಾಗಿಲ್ಲ. ನನ್ನನ್ನು ಅವತ್ತು ಯಾರೂ ಕರೆಯಲಿಲ್ಲ. ಗಂಟೆ ಹೊಡೆಯಿತು, ಎಲ್ಲರೂ ಎದ್ದರು. ನಾನು ಚೀಟಿ ಹಾಕಿಕೊಂಡೇ ಊಟ ಮಾಡಿದೆ. ಚೀಟಿ ಹಾಕಿಕೊಂಡೇ ಸಹಿ ಮಾಡಿದೆ. ಬಸ್ಸಿನಲ್ಲಿ ನೋಡಿಕೊಂಡೆ.

ಚೀಟಿಯನ್ನು ಈ ಲಕೋಟೆಯೊಳಗೆ ಇಟ್ಟಿದ್ದೇನೆ. ಅದು ನನ್ನ ಮನೆಯಲ್ಲಿ ಇರುವುದು ಬೇಡ.

ಚಿಕ್ಕಮಾದಮ್ಮನವರು ಭತ್ತದ ಗದ್ದೆಗೆ ಹುರುಳಿ ಚೆಲ್ಲಿದ್ದಾರೆ. ನಾನು ಈಗಲೂ ಬೆಳಿಗ್ಗೆ ಎದ್ದು ಒಂಬತ್ತನೆಯ ತೂಬಿನಿಂದ ಒಂದರವರೆಗೆ ಏರಿಯ ಮೇಲೆ ನಡೆದು ಬರುತ್ತೇನೆ. ಕೈಯಲ್ಲಿ ಹಿಡಿ ಇಲ್ಲ, ಮಾಡುವ ಕೆಲಸವೂ ಇಲ್ಲ. ಕಾಲು ಅದೇ ದಾರಿ ಹಿಡಿಯುತ್ತದೆ. ಮೊದಲು ಅವರು ದೂರದಿಂದಲೇ “ಗೋವಿಂದಯ್ಯಾ, ನೀರ್ ಎಲ್ಗಂಟ ಬಂತು?” ಎಂದು ಕೂಗುತ್ತಿದ್ದರು. ಆಗಸ್ಟಿನಿಂದ ಮಾತಿಲ್ಲ.

ನಿನ್ನೆ ಮಾತಾಡಿದರು. ಏರಿಯ ಮೇಲೆ ಹಸು ಹಿಡಿದುಕೊಂಡು ಎದುರಿಗೆ ಬರುತ್ತಿದ್ದರು. ಏರಿ ಸಣ್ಣದು, ಒಬ್ಬರೇ ನಡೆಯುವಷ್ಟು. ಯಾವಾಗಲೂ ಗದ್ದೆಗೆ ಇಳಿದು ದಾರಿ ಬಿಡುವವನು ನಾನು. ನಾನು ಇಳಿಯುವ ಮೊದಲೇ ಅವರು ಹಗ್ಗ ಜಗ್ಗಿ ಹಸುವಿಗೆ ಹೇಳಿದರು: “ಪಕ್ಕಕ್ ಇಳಿಯೇ, ದಾರಿ ಬುಡು. ಮೇಲ್ತೂಬಿನ್ ಚಿಕ್ಕಸ್ವಾಮಿಗೌಡ್ರು ಬತ್ತಾವ್ರೆ.”

ಹಸು ಇಳಿಯಿತು. ಅವರೂ ಕೆಸರಿಗೆ ಇಳಿದು, ತಲೆ ಬಗ್ಗಿಸಿ ನಿಂತರು. ಅವರಿಗೆ ಎಪ್ಪತ್ತು ದಾಟಿದೆ. ಅಮ್ಮಾ, ನಾನು ಗೋವಿಂದಯ್ಯ ಅಂದೆ. ತಲೆ ಎತ್ತಲಿಲ್ಲ. ಅವರು ಬಿಟ್ಟ ದಾರಿಯಲ್ಲಿ ನಾನು ನಡೆದುಹೋಗಬೇಕಾಯಿತು.

ಗೋವಿಂದಯ್ಯ